ಹಳೇ ಕ್ಯಾಸೆಟ್ ಸಂಗೀತ ಕಚೇರಿಗಳ ಫೈಲುಗಳು: ಪ್ರೋಗ್ರಾಂ ಬರೆದು ವಾಲ್ಯೂಮ್ ಸರಿಮಾಡುವುದು ಹೇಗೆ?

ಕತ್ರಿಗುಪ್ಪೆ_ಕೀಬೋರ್ಡ್
ಎಲ್ಲರಿಗೂ ನಮಸ್ಕಾರ. ನಮ್ಮ ಸಂಗೀತದ ಮೇಷ್ಟ್ರ ಮನೆಯಲ್ಲಿ ಒಂದು ಟ್ರಂಕ್ ತುಂಬ ಕ್ಯಾಸೆಟ್ ಇವೆ. 1980, 90ರ ದಶಕದವು. ಮನೆ ಕಚೇರಿಗಳು, ಪಾಠಗಳು, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡವು. ಎಲ್ಲವನ್ನೂ ಈಗ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. 16 ಬಿಟ್, 44.1 ಕಿಲೋಹರ್ಟ್ಸ್, ವೇವ್ ಫೈಲ್.

ತೊಂದರೆ ವಾಲ್ಯೂಮ್‌ದು. ಒಂದು ಫೈಲ್ ಕೇಳಿಸುವುದೇ ಇಲ್ಲ, ಮುಂದಿನದು ಕಿವಿಗೆ ಬಡಿಯುತ್ತದೆ. ಪೈಥಾನ್‌ನಲ್ಲಿ ಸೈಪೈ ಲೈಬ್ರರಿ ಬಳಸಿ ಓದಿ, ಸಿಕ್ಕ ಸಂಖ್ಯೆಗಳ ಸಾಲನ್ನು (ಅರೇ) 2ರಿಂದ ಗುಣಿಸಿ, ವಾಪಸ್ ಬರೆಯುವ ಸಣ್ಣ ಸ್ಕ್ರಿಪ್ಟ್ ಇದೆ. ಮೆಲ್ಲಗೆ ಹಾಡಿರುವ ಕಡೆ ಸರಿಯಾಗಿ ಜೋರಾಗುತ್ತದೆ. ಮೃದಂಗದ ಪೆಟ್ಟು ಬಿದ್ದಲ್ಲೆಲ್ಲ ಚಟ್ ಚಟ್ ಎಂದು ಸಿಡಿಯುತ್ತದೆ. 2ರ ಬದಲು 1.5 ಹಾಕಿದರೆ ಇನ್ನೂ ವಿಚಿತ್ರ, ಇಡೀ ಫೈಲೇ ಕರ್ಕಶ ಸದ್ದು. ಕಡಿಮೆ ಗುಣಿಸಿದರೆ ಜಾಸ್ತಿ ಹಾಳಾಗುವುದು ಯಾಕೆ?

ಒಂದೊಂದೇ ಫೈಲನ್ನು ಆಡಾಸಿಟಿಯಲ್ಲಿ ತೆರೆದು ಮಾಡುವಷ್ಟು ಕಡಿಮೆ ಇಲ್ಲ. ಪ್ರೋಗ್ರಾಂನಿಂದಲೇ ಆಗಬೇಕು.

ಶ್ರುತಿಪೆಟ್ಟಿಗೆ
ಮೊದಲು ಮೂಲ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಬಾಕಿ ಮಾತು.

ಬನಶಂಕರಿ_ಬೈಟ್
ಸ್ಯಾಂಪಲ್ ಅಂದರೆ ಒಂದು ಕ್ಷಣದ ಸದ್ದಿನ ಅಳತೆ. 16 ಬಿಟ್ ಸ್ಯಾಂಪಲ್ ಅಂದರೆ −32768ರಿಂದ 32767ರವರೆಗಿನ ಒಂದು ಪೂರ್ಣಾಂಕ. ಅದರಾಚೆ ಜಾಗವೇ ಇಲ್ಲ. 20000 ಇರುವ ಸ್ಯಾಂಪಲನ್ನು 2ರಿಂದ ಗುಣಿಸಿದರೆ 40000 ಆಗಬೇಕು. ಅರೇಗಳ ಲೆಕ್ಕ ಮಾಡುವ ನಂಪೈ ಲೈಬ್ರರಿ 16 ಬಿಟ್‌ನಲ್ಲೇ ಉಳಿದು −25536 ಕೊಡುತ್ತದೆ. ಹಳೇ ಸ್ಕೂಟರಿನ ಮೀಟರ್ 99999 ದಾಟಿ ಸೊನ್ನೆಗೆ ಬರುವ ಹಾಗೆ. ಅರೇಗಳ ವಿಷಯದಲ್ಲಿ ನಂಪೈ ಎಚ್ಚರಿಕೆ ಕೂಡ ಕೊಡುವುದಿಲ್ಲ. ಮೇಲಿನ ತುದಿಯಲ್ಲಿದ್ದ ಅಲೆ ಒಂದೇ ಸಲ ಕೆಳಗಿನ ಅರ್ಧಕ್ಕೆ ಜಿಗಿಯುತ್ತದೆ. ಆ ಜಿಗಿತವೇ ನೀವು ಕೇಳುತ್ತಿರುವ ಚಟ್.

1.5ರ ಕಥೆ ಬೇರೆ. ಪೂರ್ಣಾಂಕದ ಅರೇಯನ್ನು ದಶಮಾಂಶದಿಂದ ಗುಣಿಸಿದರೆ ನಂಪೈ ಅದನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಬಿಡುತ್ತದೆ. ಅದನ್ನು ಹಾಗೇ ಸೈಪೈಗೆ ಕೊಟ್ಟರೆ ಅದು ಫ್ಲೋಟ್ ವೇವ್ ಫೈಲ್ ಬರೆಯುತ್ತದೆ. ಫ್ಲೋಟ್ ಆಡಿಯೋದಲ್ಲಿ ಪೂರ್ತಿ ಜೋರು ಅಂದರೆ 1.0. ನಿಮ್ಮ ಸಂಖ್ಯೆಗಳು ಸಾವಿರಗಟ್ಟಲೆ ಇವೆ. ಪ್ಲೇಯರ್ ಎಲ್ಲವನ್ನೂ 1ಕ್ಕೆ ಕತ್ತರಿಸುತ್ತದೆ. ಅದಕ್ಕೇ ಇಡೀ ಫೈಲ್ ಕರ್ಕಶ.

ದಾರಿ ಇದು. ಓದಿದ ತಕ್ಷಣ ಫ್ಲೋಟ್ ಮಾಡಿ, 32768ರಿಂದ ಭಾಗಿಸಿ. ಎಲ್ಲ ಲೆಕ್ಕ −1ರಿಂದ 1ರ ನಡುವೆ ಮಾಡಿ. ಕೊನೆಯಲ್ಲಿ ಮಿತಿ ದಾಟಿದ್ದನ್ನು ಕತ್ತರಿಸಿ (ಕ್ಲಿಪ್ ಮಾಡಿ), 32767ರಿಂದ ಗುಣಿಸಿ, ರೌಂಡ್ ಮಾಡಿ, 16 ಬಿಟ್‌ಗೆ ತಿರುಗಿಸಿ. ಸೌಂಡ್‌ಫೈಲ್ ಲೈಬ್ರರಿ ಬಳಸಿದರೆ ಅದು ನೇರವಾಗಿ ಫ್ಲೋಟ್‌ನಲ್ಲೇ ಓದಿ ಕೊಡುತ್ತದೆ.

ಪೀಕ್_ಪ್ರಿಯ
ಇಷ್ಟೆಲ್ಲ ಯಾಕೆ? ಪ್ರತಿ ಫೈಲಿನ ಅತಿ ದೊಡ್ಡ ಸ್ಯಾಂಪಲ್ ಹುಡುಕಿ. 0.95ನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಇಡೀ ಫೈಲನ್ನು ಗುಣಿಸಿ. ಮುಗಿಯಿತು. ಕ್ಲಿಪ್ ಆಗುವ ಪ್ರಶ್ನೆಯೇ ಇಲ್ಲ.

ಬನಶಂಕರಿ_ಬೈಟ್
@ಪೀಕ್_ಪ್ರಿಯ ಸರಿ, ಆದರೆ ದೊಡ್ಡದನ್ನು ಹುಡುಕುವುದನ್ನೂ ಫ್ಲೋಟ್ ಮಾಡಿದ ಮೇಲೇ ಮಾಡಬೇಕು. 16 ಬಿಟ್ ಅರೇಯ ಮೇಲೇ ಆಬ್ಸ್ (ಮೈನಸ್ ಚಿಹ್ನೆ ತೆಗೆಯುವ ಫಂಕ್ಷನ್) ಓಡಿಸಿದರೆ −32768ಕ್ಕೆ ಉತ್ತರ −32768 ಬರುತ್ತದೆ. 32768 ಅನ್ನುವ ಸಂಖ್ಯೆ ಅಲ್ಲಿ ಇಲ್ಲವಲ್ಲ. ಅತಿ ಜೋರಾದ ಸ್ಯಾಂಪಲೇ ಲೆಕ್ಕಕ್ಕೆ ಸಿಗುವುದಿಲ್ಲ.

ತಂಬೂರಿ_ತಂತಿ
ಹೀಗೆ ಅತಿ ದೊಡ್ಡ ಸ್ಯಾಂಪಲ್, ಅಂದರೆ ಪೀಕ್, ನೋಡಿ ನಾರ್ಮಲೈಸ್ ಮಾಡಿದರೆ ಕ್ಲಿಪ್ ಆಗುವುದಿಲ್ಲ, ನಿಜ. ಆದರೆ ಕೇಳಿದ ಸಮಸ್ಯೆ ಅದಲ್ಲ. ಎಲ್ಲ ಫೈಲೂ ಕಿವಿಗೆ ಒಂದೇ ಮಟ್ಟದಲ್ಲಿ ಕೇಳಿಸಬೇಕು. ಪೀಕ್‌ಗೂ ಕಿವಿಗೆ ಅನ್ನಿಸುವ ಜೋರಿಗೂ ಸಂಬಂಧ ಬಹಳ ಕಡಿಮೆ. ಒಂದು ಗಂಟೆಯ ವೀಣೆಯ ರೆಕಾರ್ಡಿಂಗ್‌ನಲ್ಲಿ ಮೈಕ್‌ಗೆ ಯಾರದೋ ಕೈ ಒಂದು ಸಲ ತಾಗಿದರೆ ಸಾಕು. ಆ ಒಂದು ಪೆಟ್ಟು ಪೀಕ್ ಆಗುತ್ತದೆ. ಇಡೀ ವೀಣೆ ಕೆಳಗೇ ಉಳಿಯುತ್ತದೆ. ಪಕ್ಕದ ಫೈಲಿನಲ್ಲಿ ಸದಾ ಒಂದೇ ಮಟ್ಟದ ನಾಗಸ್ವರ ಇದ್ದರೆ, ಎರಡರ ಪೀಕೂ 0.95. ಕೇಳಲು ಎಲ್ಲಿಯ ವೀಣೆ, ಎಲ್ಲಿಯ ನಾಗಸ್ವರ!

ಪೀಕ್_ಪ್ರಿಯ
ಹಾಗಾದರೆ ಸರಾಸರಿ ತೆಗೆದುಕೊಳ್ಳಿ. ಆರ್‌ಎಂಎಸ್ (ಸ್ಯಾಂಪಲ್‌ಗಳ ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಹಾಕುವುದು ಒಂದೇ ಸಾಲಿನ ಕೋಡ್.

ತಂಬೂರಿ_ತಂತಿ
ಆರ್‌ಎಂಎಸ್ ಪೀಕ್‌ಗಿಂತ ಎಷ್ಟೋ ವಾಸಿ. ಆದರೂ ಅದಕ್ಕೆ ಎರಡು ಕೊರತೆ. ಒಂದು, ಎಲ್ಲ ಆವರ್ತನವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ನಮ್ಮ ಕಿವಿ ಹಾಗಲ್ಲ. ಸ್ಪೀಕರ್ ಹಮ್ 50 ಹರ್ಟ್ಸ್‌ನಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಆರ್‌ಎಂಎಸ್ ಏರುತ್ತದೆ, ಕಿವಿಗೆ ಅಷ್ಟು ಜೋರು ಅನ್ನಿಸುವುದಿಲ್ಲ. ಎರಡು, ಹಾಡುಗಳ ನಡುವೆ ಶ್ರುತಿ ಮಾಡಿಕೊಳ್ಳುವ ಹೊತ್ತು, ಕ್ಯಾಸೆಟ್ ಕೊನೆಯ ಖಾಲಿ ಜಾಗ, ಎಲ್ಲವೂ ಸರಾಸರಿಯನ್ನು ಕೆಳಗೆ ಎಳೆಯುತ್ತವೆ.

ಇದಕ್ಕೆಂದೇ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 2006ರಲ್ಲಿ ಬಿಎಸ್ 1770 ಎಂಬ ಅಳತೆ ತಂದಿತು. ಮೊದಲು ಕಿವಿಗೆ ಹೊಂದುವ ಒಂದು ಫಿಲ್ಟರ್ ಹಾಕುತ್ತಾರೆ. ಕೆಳಗಿನ ಆವರ್ತನ ತಗ್ಗುತ್ತದೆ, ಮೇಲಿನದು ಸ್ವಲ್ಪ ಏರುತ್ತದೆ. ಆಮೇಲೆ ಈಗಿನ ಆವೃತ್ತಿಯಲ್ಲಿ 400 ಮಿಲಿಸೆಕೆಂಡಿನ ತುಂಡುಗಳಾಗಿ ಅಳೆಯುತ್ತಾರೆ. −70ಕ್ಕಿಂತ ಕೆಳಗಿನ ತುಂಡುಗಳನ್ನು ಬಿಡುತ್ತಾರೆ. ಉಳಿದವುಗಳ ಸರಾಸರಿಗಿಂತ 10 ಕೆಳಗಿರುವುದನ್ನೂ ಬಿಡುತ್ತಾರೆ. ಕೊನೆಗೆ ಸಿಗುವ ಸಂಖ್ಯೆಯೇ ಲೌಡ್‌ನೆಸ್, ಅಂದರೆ ಕಿವಿಗೆ ಅನ್ನಿಸುವ ಜೋರು. ಅದರ ಮಾನ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರ ಸಂಸ್ಥೆಗಳು 2010ರಲ್ಲಿ ಆರ್ 128 ಅಂತ ಮಾಡಿಕೊಂಡು −23 ಅನ್ನುವುದನ್ನು ಗುರಿಯಾಗಿ ಇಟ್ಟವು. ಪೈಥಾನ್‌ನಲ್ಲಿ ಪೈಲೌಡ್‌ನಾರ್ಮ್ ಲೈಬ್ರರಿ ಇದೆ, ಅದೇ ಲೆಕ್ಕ ಮಾಡಿಕೊಡುತ್ತದೆ.

ವಿಜಯನಗರ_ವಿಎಂ
ಟಿವಿಯಲ್ಲಿ ಧಾರಾವಾಹಿ ಮೆಲ್ಲಗೆ, ಜಾಹೀರಾತು ಬಂದ ಕೂಡಲೇ ಅರಚಾಟ. ಅದಕ್ಕೂ ಇದೇ ಕಾರಣ ಅಲ್ವಾ?

ತಂಬೂರಿ_ತಂತಿ
ಹೌದು. ಎರಡರ ಪೀಕ್ ಒಂದೇ ಇರಬಹುದು. ಜಾಹೀರಾತನ್ನು ಒತ್ತಿ ಒತ್ತಿ ಪೂರ್ತಿ ಮೇಲೇ ಇಟ್ಟಿರುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2010ರಲ್ಲಿ ಕಾಯ್ದೆಯನ್ನೇ ಮಾಡಿದರು. ಜಾಹೀರಾತಿನ ಲೌಡ್‌ನೆಸ್ ಕಾರ್ಯಕ್ರಮದಷ್ಟೇ ಇರಬೇಕು ಅಂತ.

ಶಾರ್ಟ್‌ಕಟ್_ಶಂಕ್ರ
ಇಷ್ಟು ಪಾಠ ಬೇಡ ಗುರುಗಳೇ. ಎಫ್‌ಎಫ್‌ಎಂಪೆಗ್ ಅನ್ನುವ ಆಡಿಯೋ, ವೀಡಿಯೋ ಪ್ರೋಗ್ರಾಂ ಹಾಕಿಕೊಳ್ಳಿ. ಅದರಲ್ಲಿ ಲೌಡ್‌ನಾರ್ಮ್ ಅಂತ ಫಿಲ್ಟರ್ ಇದೆ. ಐ (ಲೌಡ್‌ನೆಸ್ ಗುರಿ) −16, ಟಿಪಿ (ಪೀಕ್ ಮಿತಿ) −1.5 ಅಂತ ಕೊಟ್ಟು ಎಲ್ಲ ಫೈಲಿಗೂ ಲೂಪ್ ಓಡಿಸಿ ಮಲಗಿ. ಬೆಳಗ್ಗೆ ಎಲ್ಲ ಒಂದೇ ಮಟ್ಟ. ನಾನು ಆಫೀಸಿನ ತರಬೇತಿ ವೀಡಿಯೋಗಳಿಗೆಲ್ಲ ಇದನ್ನೇ ಬಳಸುವುದು.

ತಂಬೂರಿ_ತಂತಿ
@ಶಾರ್ಟ್‌ಕಟ್_ಶಂಕ್ರ ದಯವಿಟ್ಟು ಬೇಡ! ಮಾತಿನ ವೀಡಿಯೋಗೆ ಅದು ಸರಿ. ಕಚೇರಿಗೆ ಅಲ್ಲ. ಒಂದೇ ಸಲ ಓಡಿಸಿದರೆ ಲೌಡ್‌ನಾರ್ಮ್ ಡೈನಾಮಿಕ್ ಆಗಿ ಕೆಲಸ ಮಾಡುತ್ತದೆ. ಮೆಲ್ಲಗಿರುವುದನ್ನು ಎತ್ತುತ್ತದೆ, ಜೋರಾದದ್ದನ್ನು ತಗ್ಗಿಸುತ್ತದೆ. ಆಲಾಪನೆ ಸಣ್ಣದಾಗಿ ಶುರುವಾಗಿ ತಾರಸ್ಥಾಯಿಗೆ ಏರುವುದೇ ರಾಗದ ಕಟ್ಟಡ. ಅದನ್ನು ಸಮತಟ್ಟು ಮಾಡಿದರೆ ಗಾಯಕರು ಗಂಟೆಗಟ್ಟಲೆ ಕಟ್ಟಿದ್ದನ್ನು ಸ್ಕ್ರಿಪ್ಟ್ ಕೆಡವಿದ ಹಾಗೇ.

ಅದಲ್ಲದೆ ಆ ರೀತಿಯಲ್ಲಿ ಅದು ಒಳಗೆ 192 ಕಿಲೋಹರ್ಟ್ಸ್‌ಗೆ ಏರಿಸಿಕೊಳ್ಳುತ್ತದೆ. ಔಟ್‌ಪುಟ್‌ಗೆ ಸ್ಯಾಂಪಲ್ ರೇಟ್ ಕೊಡಲು ಮರೆತರೆ ಫೈಲ್ ಸುಮ್ನೆ ನಾಲ್ಕು ಪಟ್ಟು ದೊಡ್ಡದು.

ಶಾರ್ಟ್‌ಕಟ್_ಶಂಕ್ರ
ಎರಡು ಸಲ ಓಡಿಸಿ. ಮೊದಲ ಸಲ ಅಳತೆ, ಎರಡನೇ ಸಲ ಆ ಅಳತೆಗಳನ್ನು ಕೊಟ್ಟು ಲಿನಿಯರ್ ಆನ್ ಮಾಡಿ. ಆಗ ಇಡೀ ಫೈಲಿಗೆ ಒಂದೇ ಗುಣಾಕಾರ. ನಿಮ್ಮ ಆಲಾಪನೆಗೆ ಏನೂ ಆಗುವುದಿಲ್ಲ.

ಬನಶಂಕರಿ_ಬೈಟ್
ಅಲ್ಲೂ ಒಂದು ಕಣ್ಣು ಇಡಬೇಕು. ಲಿನಿಯರ್ ಕೇಳಿದರೂ ಎರಡು ಷರತ್ತು ಇವೆ. ಏರಿಸಿದ ಮೇಲೆ ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವಿನ ಅಲೆಯನ್ನೂ ಲೆಕ್ಕಕ್ಕೆ ಹಿಡಿದ ಪೀಕ್) ನಿಮ್ಮ ಮಿತಿ ದಾಟಬಾರದು. ಫೈಲಿನ ಲೌಡ್‌ನೆಸ್ ರೇಂಜ್ (ಎಲ್‌ಆರ್‌ಎ, ಮೆಲ್ಲಗಿನಿಂದ ಜೋರಿನವರೆಗಿನ ಅಂತರ) ನೀವು ಕೊಟ್ಟ ಎಲ್‌ಆರ್‌ಎಗಿಂತ ಜಾಸ್ತಿ ಇರಬಾರದು. ಎರಡರಲ್ಲಿ ಒಂದು ತಪ್ಪಿದರೂ ಅದು ಡೈನಾಮಿಕ್‌ಗೆ ಮರಳುತ್ತದೆ. ಏನೂ ಕೊಡದಿದ್ದರೆ ಎಲ್‌ಆರ್‌ಎ 7 ಅಂತ ಇರುತ್ತದೆ. ತನಿ ಆವರ್ತನ (ತಾಳವಾದ್ಯದವರಷ್ಟೇ ನುಡಿಸುವ ಭಾಗ) ಇರುವ ಕಚೇರಿ 7 ದಾಟುವುದು ಸುಲಭ. ಕೊನೆಯಲ್ಲಿ ಬರುವ ವರದಿಯಲ್ಲಿ ನಾರ್ಮಲೈಸೇಷನ್ ಟೈಪ್ ಅನ್ನುವ ಸಾಲು ಓದಿ. ಡೈನಾಮಿಕ್ ಅಂತ ಇದ್ದರೆ ಆ ಫೈಲನ್ನು ಒಪ್ಪಬೇಡಿ.

ಕತ್ರಿಗುಪ್ಪೆ_ಕೀಬೋರ್ಡ್
ಬಹಳ ಉಪಯೋಗವಾಯಿತು. ಫ್ಲೋಟ್ ಮಾಡಿದ ಮೇಲೆ ಚಟ್ ಸದ್ದು ಹೋಯಿತು. ಈಗ ಡೆಸಿಬೆಲ್ ಲೆಕ್ಕ. 6 ಡೆಸಿಬೆಲ್ ಏರಿಸಬೇಕು ಅಂದರೆ ಎಷ್ಟರಿಂದ ಗುಣಿಸಬೇಕು?

ಬನಶಂಕರಿ_ಬೈಟ್
ಡೆಸಿಬೆಲನ್ನು 20ರಿಂದ ಭಾಗಿಸಿ, 10ರ ಆ ಘಾತ ತೆಗೆದುಕೊಳ್ಳಿ. 6ಕ್ಕೆ 1.995, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. −6ಕ್ಕೆ ಅರ್ಧ. 3ಕ್ಕೆ 1.41. −20ಕ್ಕೆ 0.1.

ಮೈಕ್_ಮಂಜ
10ರಿಂದ ಭಾಗಿಸಬೇಕು ಅಂತ ಓದಿದ ನೆನಪು. 3 ಡೆಸಿಬೆಲ್ ಅಂದರೆ ಎರಡು ಪಟ್ಟು ಅಲ್ವಾ?

ಬನಶಂಕರಿ_ಬೈಟ್
ಅದು ಪವರ್‌ಗೆ. ಆಂಪ್ಲಿಫೈಯರ್ 50 ವ್ಯಾಟ್‌ನಿಂದ 100 ವ್ಯಾಟ್ ಆದರೆ 3 ಡೆಸಿಬೆಲ್. ಸ್ಯಾಂಪಲ್ ಅನ್ನುವುದು ಆಂಪ್ಲಿಟ್ಯೂಡ್. ಪವರ್ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದಕ್ಕೇ 20. ಇನ್ನೊಂದು: ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಅಂದರೆ ಸ್ಯಾಂಪಲ್ಲನ್ನು 3.16ರಿಂದ ಗುಣಿಸಬೇಕು.

ಪಾಡ್‌ಕಾಸ್ಟ್_ಪದ್ಮ
ಓಹ್, ನನ್ನ ಆ್ಯಪ್‌ನ ಸ್ಲೈಡರ್ ಸಮಸ್ಯೆ ಇದೇ ಇರಬೇಕು! ಸ್ಲೈಡರ್ ಅರ್ಧಕ್ಕೆ ಇಳಿಸಿದರೂ ದನಿ ಅಷ್ಟೇನೂ ಇಳಿದ ಹಾಗೆ ಇಲ್ಲ. ಕೊನೆಯ ಚೂರಿನಲ್ಲಿ ದಬಕ್ಕನೆ ಬಿದ್ದುಹೋಗುತ್ತದೆ.

ಬನಶಂಕರಿ_ಬೈಟ್
ಅದೇ. ಸ್ಲೈಡರ್ ಬೆಲೆಯನ್ನೇ ನೇರವಾಗಿ ಗುಣಿಸುತ್ತಿದ್ದೀರಿ. ಅರ್ಧ ಅಂದರೆ ಬರೀ 6 ಡೆಸಿಬೆಲ್ ಇಳಿತ. ಬೆಲೆಯ ಘನ ತೆಗೆದುಕೊಂಡು ಗುಣಿಸಿ ನೋಡಿ. 0.5ರ ಘನ 0.125, ಅಂದರೆ 18 ಡೆಸಿಬೆಲ್ ಇಳಿತ. ಕೈಗೂ ಕಿವಿಗೂ ಹೊಂದಿಕೊಳ್ಳುತ್ತದೆ. ಬ್ರೌಸರಿನ ವೆಬ್ ಆಡಿಯೋ ಆದರೆ ಗೇನ್ ನೋಡ್ (ವಾಲ್ಯೂಮ್ ಗುಣಿಸುವ ಭಾಗ) ಬೆಲೆಯನ್ನು ಒಮ್ಮೆಲೇ ಬದಲಿಸಬೇಡಿ. 10, 20 ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಬದಲಾಗುವ ರ್‍ಯಾಂಪ್ ಕೊಡಿ. ಇಲ್ಲದಿದ್ದರೆ ಎಳೆದಾಗ ಕಿರ್ ಕಿರ್ ಅನ್ನುತ್ತದೆ. ಎಕ್ಸ್‌ಪೊನೆನ್ಷಿಯಲ್ ರ್‍ಯಾಂಪ್‌ಗೆ ಸೊನ್ನೆ ಗುರಿ ಕೊಡಲು ಬರುವುದಿಲ್ಲ, ಎರರ್ ಎಸೆಯುತ್ತದೆ.

ವಿಜಯನಗರ_ವಿಎಂ
ಡೆಸಿಬೆಲ್ ಮಾತು ಬಂದಿದ್ದರಿಂದ ಕೇಳುತ್ತೇನೆ. ನಮ್ಮ ರಸ್ತೆಯ ಗಣೇಶನ ಪೆಂಡಾಲಿನಲ್ಲಿ ರಾತ್ರಿ 11ರವರೆಗೂ ಸ್ಪೀಕರ್. ವಸತಿ ಪ್ರದೇಶಕ್ಕೆ 55 ಡೆಸಿಬೆಲ್ ಮಿತಿ ಅಂತಾರೆ. ಇಲ್ಲಿ ನೋಡಿದರೆ ನೀವೆಲ್ಲ ಮೈನಸ್ ಡೆಸಿಬೆಲ್ ಹೇಳುತ್ತಿದ್ದೀರಿ. ಯಾವುದು ಸರಿ?

ಮೈಕ್_ಮಂಜ
ಎರಡೂ ಸರಿ, ಅಳೆಯುವ ಸೊನ್ನೆ ಬೇರೆ. ಗಾಳಿಯಲ್ಲಿ ಕೇಳಿಸುವ ಸದ್ದಿಗೆ ಸೊನ್ನೆ ಅಂದರೆ ಕಿವಿಗೆ ಕೇಳುವ ಕನಿಷ್ಠ ಮಟ್ಟ, ಅಲ್ಲಿಂದ ಮೇಲಕ್ಕೆ ಎಣಿಸುತ್ತಾರೆ. ಫೈಲಿನಲ್ಲಿ ಸೊನ್ನೆ ಅಂದರೆ ತುಂಬಿದ ಮಟ್ಟ, ಅಲ್ಲಿಂದ ಕೆಳಕ್ಕೆ. ಇನ್ನು ನಿಮ್ಮ ಪೆಂಡಾಲು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಕೆಲವು ದಿನ ಮಾತ್ರ ಸರ್ಕಾರ 12ರವರೆಗೆ ಸಡಿಲಿಸಬಹುದು.

ನಾನು ಸೌಂಡ್ ಸಿಸ್ಟಂ ಹಾಕುವವನೇ. ಸಂಘಟಕರು ಬಂದು ಇನ್ನೂ ಏರಿಸು ಏರಿಸು ಅಂತಾರೆ. ಮಿಕ್ಸರ್ ಕೆಂಪು ದೀಪ ತೋರಿಸುತ್ತಿರುತ್ತದೆ. ಅಲ್ಲಿಂದಾಚೆ ಏರಿಸಿದರೆ ದನಿ ಜೋರಾಗುವುದಿಲ್ಲ, ಹರಿದುಹೋಗುತ್ತದೆ ಅಷ್ಟೇ.

ಶ್ರುತಿಪೆಟ್ಟಿಗೆ
ಗಣೇಶನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ. ಇದು ಕ್ಯಾಸೆಟ್‌ಗಳ ಮಾತು.

@ಕತ್ರಿಗುಪ್ಪೆ_ಕೀಬೋರ್ಡ್, ನನ್ನ ಮಾತು ಒಂದೇ. ಫೈಲಿನ ಒಳಗಿನ ಸ್ಯಾಂಪಲ್ಲನ್ನು ಮುಟ್ಟಲೇಬೇಡಿ. ಅಳೆಯಿರಿ. ಅಳತೆಯನ್ನು ಟ್ಯಾಗ್‌ನಲ್ಲಿ (ಫೈಲಿನ ಜೊತೆ ಇರುವ ಮಾಹಿತಿ ಚೀಟಿ) ಬರೆಯಿರಿ. ರೀಪ್ಲೇಗೇನ್ ಇರುವುದೇ ಇದಕ್ಕೆ, 2001ರಿಂದ ಇದೆ. ಫೈಲನ್ನು ಫ್ಲ್ಯಾಕ್ (ನಷ್ಟವಿಲ್ಲದೆ ಕುಗ್ಗಿಸುವ ರೂಪ) ಮಾಡಿ, ಆರ್‌ಎಸ್‌ಗೇನ್ ಪ್ರೋಗ್ರಾಂ ಓಡಿಸಿ. ಎಷ್ಟು ಡೆಸಿಬೆಲ್ ಏರಿಸಬೇಕು, ಇಳಿಸಬೇಕು ಅನ್ನುವುದನ್ನು ಅದು ಟ್ಯಾಗ್‌ಗೆ ಹಾಕುತ್ತದೆ. ಹಾಡಿಸುವಾಗ ಪ್ಲೇಯರ್ ಅದನ್ನು ಓದಿ ಸರಿಮಾಡುತ್ತದೆ. ನಾಳೆ ಗುರಿ ಬದಲಾದರೆ ಟ್ಯಾಗ್ ಬದಲಿಸಿದರಾಯಿತು. ಮೇಷ್ಟ್ರ ದನಿ ಕ್ಯಾಸೆಟ್‌ನಿಂದ ಹೇಗೆ ಬಂತೋ ಹಾಗೇ ಉಳಿಯುತ್ತದೆ.

ಒಂದು ಕಚೇರಿಯ ಎಲ್ಲ ಹಾಡುಗಳಿಗೆ ಆಲ್ಬಂ ಗೇನ್ (ಎಲ್ಲಕ್ಕೂ ಸೇರಿ ಒಂದೇ ಏರಿಕೆ ಅಥವಾ ಇಳಿಕೆ) ಬಳಸಿ. ಹಾಡಿಗೊಂದು ಗೇನ್ ಕೊಟ್ಟರೆ ಸಣ್ಣ ದೇವರನಾಮವೂ ರಾಗ ತಾನ ಪಲ್ಲವಿಯಷ್ಟೇ ಜೋರಾಗಿ ಬಂದು ಕಚೇರಿಯ ಏರಿಳಿತ ಹೋಗುತ್ತದೆ.

ಶಾರ್ಟ್‌ಕಟ್_ಶಂಕ್ರ
ಟ್ಯಾಗ್ ಓದದ ಪ್ಲೇಯರ್ ಎಷ್ಟಿಲ್ಲ? ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ, ಕಾರಿನ ಸ್ಟೀರಿಯೋಗೆ ಪೆನ್‌ಡ್ರೈವ್ ಹಾಕಿದರೆ ರೀಪ್ಲೇಗೇನ್ ಯಾರು ನೋಡುತ್ತಾರೆ? ಮೇಷ್ಟ್ರ ಶಿಷ್ಯರು ಬಿಎಂಟಿಸಿ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತುಕೊಂಡು ಇಯರ್‌ಫೋನ್‌ನಲ್ಲಿ ಕೇಳುತ್ತಾರೆ. ಅಲ್ಲಿ ಮಂದ್ರಸ್ಥಾಯಿಯ ಆಲಾಪನೆ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕೇಳಿಸದ ಸಂಗೀತವನ್ನು ಶುದ್ಧವಾಗಿ ಇಟ್ಟು ಏನು ಪ್ರಯೋಜನ? ಜೋರಾದದ್ದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುವ ಕಂಪ್ರೆಸರ್ ಸ್ವಲ್ಪ ಹಾಕಿದರೆ ತಪ್ಪೇನು?

ತಂಬೂರಿ_ತಂತಿ
ಕಂಪ್ರೆಸರ್ ಹಾಕಿದರೆ ಮೊದಲು ಹಾಳಾಗುವುದು ತಂಬೂರಿ. ಗಾಯಕರು ನಿಲ್ಲಿಸಿದ ತಕ್ಷಣ ತಂಬೂರಿಯೂ ಟೇಪಿನ ಹಿಸ್ಸೂ ಮೇಲೆದ್ದು ಬರುತ್ತವೆ. ಹಾಡಿದ ಕೂಡಲೇ ಹಿಂದಕ್ಕೆ ಸರಿಯುತ್ತವೆ. ಶ್ರುತಿ ಅನ್ನುವುದು ಅಲುಗಾಡದೆ ಇರಬೇಕು. ಅದೇ ಏರಿ ಇಳಿದರೆ ಕೇಳುವವರ ತಲೆ ತಿರುಗುತ್ತದೆ.

ಹಳೇಟೇಪು
ಇಬ್ಬರೂ ಸ್ವಲ್ಪ ನಿಲ್ಲಿ. ಆ ಕ್ಯಾಸೆಟ್‌ಗಳನ್ನು ರೆಕಾರ್ಡ್ ಮಾಡಿದ್ದು ಯಾವ ಯಂತ್ರದಲ್ಲಿ? ಆ ಕಾಲದ ಮನೆ ಬಳಕೆಯ ಮೋನೋ ಟೇಪ್‌ರೆಕಾರ್ಡರ್‌ಗಳಲ್ಲಿ ಬಹಳಷ್ಟಕ್ಕೆ ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲ್ ಇರುತ್ತಿತ್ತು. ರೆಕಾರ್ಡಿಂಗ್ ಲೆವೆಲ್‌ಗೆ ಗುಂಡಿಯೇ ಇರುತ್ತಿರಲಿಲ್ಲ. ಹಾಡು ನಿಂತಾಗ ತಂಬೂರಿಯನ್ನು ಯಂತ್ರವೇ ಎತ್ತಿಬಿಟ್ಟಿರುತ್ತದೆ, ಟೇಪಿನಲ್ಲೇ ಅದು ಕೂತಿದೆ. ಆಗಲೇ ಒಂದು ಸಲ ಒತ್ತಿದ್ದನ್ನು ಮತ್ತೆ ಒತ್ತಿದರೆ ಇನ್ನೂ ಕೆಡುತ್ತದೆ. ಅದಕ್ಕೇ ನಾನೂ ಕಂಪ್ರೆಸರ್ ಬೇಡ ಅನ್ನುವ ಕಡೆ. ಆದರೆ ಟೇಪಿನಲ್ಲಿ ಇರುವುದು ಕಚೇರಿಯ ನಿಜವಾದ ಏರಿಳಿತ ಅಂತಲೂ ನಂಬಬೇಡಿ.

ಮೋನೋ ಯಂತ್ರದ್ದಾದರೆ ಎಡ, ಬಲ ಎರಡನ್ನೂ ಸುಮ್ನೆ ಕೂಡಿಸಿ ಸರಾಸರಿ ತೆಗೆಯಬೇಡಿ. ಡೆಕ್ಕಿನ ಹೆಡ್ ಕೋನ ಸ್ವಲ್ಪ ವಾಲಿದ್ದರೂ ಎರಡು ಚಾನೆಲ್ ನಡುವೆ ಕಾಲ ವ್ಯತ್ಯಾಸ ಬರುತ್ತದೆ. ಕೂಡಿಸಿದಾಗ ಮೇಲಿನ ಆವರ್ತನಗಳು ಒಂದನ್ನೊಂದು ಅಳಿಸಿಕೊಂಡು ದನಿ ಮಂಕಾಗುತ್ತದೆ. ಚೆನ್ನಾಗಿರುವ ಒಂದು ಚಾನೆಲ್ ಆರಿಸಿ.

ಮೈಕ್_ಮಂಜ
ಹೆಡ್ ಕೋನ ಸರಿಮಾಡಲು ಪಕ್ಕದಲ್ಲೇ ಒಂದು ಸಣ್ಣ ಸ್ಕ್ರೂ ಇರುತ್ತದೆ. ಪ್ರತಿ ಕ್ಯಾಸೆಟ್ ಹಾಡಿಸುತ್ತಾ, ಚ, ಸ ಅಕ್ಷರಗಳು ಅತಿ ಸ್ಪಷ್ಟವಾಗುವವರೆಗೆ ತಿರುಗಿಸಿ. ಆಮೇಲೆ ರೆಕಾರ್ಡ್ ಒತ್ತಿ. ಇದನ್ನು ಯಾವ ಪ್ರೋಗ್ರಾಂ ಕೂಡ ಆಮೇಲೆ ಅಷ್ಟು ಚೆನ್ನಾಗಿ ಮಾಡಲಾರದು.

ಕೆಂಗೇರಿ_ಕ್ಯಾಸೆಟ್
ಒಳ್ಳೆಯ ಡೆಕ್ ಎಲ್ಲಿ ಸಿಗುತ್ತದೆ? ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಯುಎಸ್‌ಬಿ ಇರುವ ಸಣ್ಣ ವಾಕ್‌ಮನ್ ತರಹದ್ದು ಕೊಡುತ್ತಾರೆ.

ಮೈಕ್_ಮಂಜ
ಅದು ಬೇಡ. ಕೈಗೆ ಸಿಗುವ ಹಳೇ ದೊಡ್ಡ ಡೆಕ್ ಹಿಡಿಯಿರಿ, ಬೆಲ್ಟ್ ಬದಲಿಸಿ, ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಬೆಲ್ಟ್ ಎಸ್‌ಪಿ ರಸ್ತೆಯ ಒಳಗಲ್ಲಿಗಳ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯದನ್ನು ಜೊತೆಗೆ ಒಯ್ದು ಅಳತೆ ತೋರಿಸಿ.

ಪೀಕ್_ಪ್ರಿಯ
ರೆಕಾರ್ಡ್ ಮಾಡುವಾಗಲೇ 24 ಬಿಟ್ ಇಟ್ಟಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. 16 ಬಿಟ್‌ನಲ್ಲಿ ಮೆಲ್ಲಗೆ ಇಳಿಸಿಕೊಂಡು ಆಮೇಲೆ ಏರಿಸಿದರೆ ಗುಣಮಟ್ಟ ಹೋಯಿತು.

ಹಳೇಟೇಪು
ಅಷ್ಟು ಹೆದರಿಸಬೇಡಿ. ಒಂದೊಂದು ಬಿಟ್‌ಗೂ ಸುಮಾರು 6 ಡೆಸಿಬೆಲ್. 16 ಬಿಟ್‌ಗೆ 96. ಸಾಮಾನ್ಯ ಕ್ಯಾಸೆಟ್‌ನಲ್ಲಿ ಹಿಸ್ಸಿನಿಂದ ಅತಿ ಜೋರಿನವರೆಗೆ ಸುಮಾರು 50, 60 ಡೆಸಿಬೆಲ್ ಮಾತ್ರ. ಫೈಲ್ 12 ಡೆಸಿಬೆಲ್ ಮೆಲ್ಲಗಿದ್ದರೂ ಕ್ಯಾಸೆಟ್ ಹಿಸ್ಸು 16 ಬಿಟ್‌ನ ತಳಕ್ಕಿಂತ ಬಹಳ ಮೇಲಿರುತ್ತದೆ. ಇಳಿಸಿದ ಫೈಲುಗಳನ್ನು ಮತ್ತೆ ಇಳಿಸುವ ಅಗತ್ಯವಿಲ್ಲ. ಮುಂದಿನವನ್ನು 24ರಲ್ಲಿ ಮಾಡಿ, ಮೇಲೆ 10 ಡೆಸಿಬೆಲ್ ಖಾಲಿ ಬಿಟ್ಟು ನಿಶ್ಚಿಂತೆಯಿಂದ ರೆಕಾರ್ಡ್ ಮಾಡಿ.

24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋಗೆ ಮಾತ್ರ ಹೋಗಬೇಡಿ. ಗಂಟೆಗೆ 2 ಜಿಬಿ ದಾಟುತ್ತದೆ. ಸಾದಾ ವೇವ್ ಫೈಲಿಗೆ 4 ಜಿಬಿ ಮಿತಿ ಇದೆ. ಕ್ಯಾಸೆಟ್‌ಗೆ 48 ಸಾಕು.

ಹೊಸಬ_ಕೋಡರ್
ನಾನು ವೇವ್ ಫೈಲನ್ನು ಬೈಟ್ ಬೈಟಾಗಿ ಓದಿ, ಮೊದಲ 44 ಬೈಟ್ ಹೆಡರ್ ಬಿಟ್ಟು ಉಳಿದದ್ದನ್ನು ಗುಣಿಸುತ್ತೇನೆ. ಸಿ ಭಾಷೆಯಲ್ಲಿ. ಕೆಲವು ಫೈಲ್‌ಗಳ ಶುರುವಿನಲ್ಲಿ ಟಿಕ್ ಅನ್ನುತ್ತದೆ. ಯಾಕೆ?

ಬನಶಂಕರಿ_ಬೈಟ್
44 ಅನ್ನುವುದು ಅತಿ ಸರಳ ಫೈಲಿಗೆ ಮಾತ್ರ. ವೇವ್ ಅಂದರೆ ಚಂಕ್‌ಗಳ (ಹೆಸರು, ಉದ್ದ ಬರೆದಿರುವ ತುಂಡುಗಳ) ಸಾಲು. ಡೇಟಾ ಚಂಕ್‌ಗೆ ಮೊದಲು ಬೇರೆ ಚಂಕ್‌ಗಳು ಇರಬಹುದು. ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಲಿಸ್ಟ್ ಅನ್ನುವ ಚಂಕ್ ಸೇರಿಸುತ್ತದೆ. ನೀವು ಆ ಅಕ್ಷರಗಳನ್ನೂ ಸ್ಯಾಂಪಲ್ ಅಂತ ಗುಣಿಸುತ್ತಿದ್ದೀರಿ. ಚಂಕ್ ಹೆಸರು ಓದಿ, ಉದ್ದ ಓದಿ, ಡೇಟಾ ಅಲ್ಲದಿದ್ದರೆ ಹಾರಿ. ಉದ್ದ ಬೆಸವಾದರೆ ಒಂದು ಬೈಟ್ ಜಾಸ್ತಿ ಹಾರಿ. ಮತ್ತೆ 8 ಬಿಟ್ ವೇವ್ ಬಂದರೆ ಜೋಪಾನ. ಅದರಲ್ಲಿ ಮೌನ ಅಂದರೆ 0 ಅಲ್ಲ, 128. ಮೊದಲು 128 ಕಳೆದು, ಗುಣಿಸಿ, ಮತ್ತೆ ಕೂಡಿಸಬೇಕು.

ಪಾಡ್‌ಕಾಸ್ಟ್_ಪದ್ಮ
ಪೈಥಾನ್‌ನ ಪೈಡಬ್ ಲೈಬ್ರರಿ ಯಾಕೆ ಯಾರೂ ಹೇಳುತ್ತಿಲ್ಲ? ಹಾಡಿಗೆ ಪ್ಲಸ್ 6 ಅಂತ ಬರೆದರೆ 6 ಡೆಸಿಬೆಲ್ ಏರುತ್ತದೆ. ಎಷ್ಟು ಸರಳ.

ಬನಶಂಕರಿ_ಬೈಟ್
ಸರಳವೇ. ಅದು ಮಿತಿ ದಾಟಿದ್ದನ್ನು ಕತ್ತರಿಸುತ್ತದೆ, ಸುತ್ತು ಹಾಕುವುದಿಲ್ಲ. ಆದರೆ ಒಳಗೆ ಬಳಸುವುದು ಪೈಥಾನ್‌ನ ಆಡಿಯೋಆಪ್ ಮಾಡ್ಯೂಲ್. 3.13ರಲ್ಲಿ ಅದನ್ನು ಪೈಥಾನ್‌ನಿಂದ ತೆಗೆದುಹಾಕಿದರು. ಹೊಸ ಪೈಥಾನ್‌ನಲ್ಲಿ ಆಡಿಯೋಆಪ್ ಎಲ್‌ಟಿಎಸ್ ಅನ್ನುವ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು.

ವಿಜಯನಗರ_ವಿಎಂ
ನನ್ನ ಹತ್ತಿರ ಎಲ್ಲ ಎಂಪಿ3. ಡಿಕೋಡ್ ಮಾಡಿ, ಗುಣಿಸಿ, ಮತ್ತೆ ಎಂಪಿ3 ಮಾಡಿದರೆ ನಷ್ಟ ಅಂತಾರೆ?

ಶ್ರುತಿಪೆಟ್ಟಿಗೆ
ನಷ್ಟ ಹೌದು. ಎಂಪಿ3ಗೇನ್ ಬಳಸಿ. ಎಂಪಿ3ಯ ಪ್ರತಿ ಫ್ರೇಮಿನಲ್ಲೂ ಗ್ಲೋಬಲ್ ಗೇನ್ ಅನ್ನುವ ಸಂಖ್ಯೆ ಇರುತ್ತದೆ. ಅದನ್ನಷ್ಟೇ ಬದಲಿಸುತ್ತದೆ. ಮತ್ತೆ ಎನ್‌ಕೋಡ್ ಮಾಡುವುದಿಲ್ಲ. ಬೇಡವಾದರೆ ಹಿಂದಕ್ಕೂ ಹೋಗಬಹುದು. 1.5 ಡೆಸಿಬೆಲ್ ಹೆಜ್ಜೆಗಳಲ್ಲಿ ಮಾತ್ರ ಏರಿಳಿಸಲು ಬರುತ್ತದೆ.

ಕತ್ರಿಗುಪ್ಪೆ_ಕೀಬೋರ್ಡ್
ಪೈಲೌಡ್‌ನಾರ್ಮ್ ಮತ್ತು ಎಫ್‌ಎಫ್‌ಎಂಪೆಗ್ ಎರಡರಲ್ಲೂ ಅಳೆದೆ. ಹೊಂದುತ್ತವೆ. ಈಗ ಹೊಸ ತೊಡಕು. ಒಂದು ಮನೆ ಕಚೇರಿಯ ಫೈಲ್ −27.4 ಎಲ್‌ಯುಎಫ್‌ಎಸ್ ಇದೆ. ಟ್ರೂ ಪೀಕ್ −2.1. ಮೇಲೆ −1ರವರೆಗೆ ಹೋಗಬಹುದು ಅಂದುಕೊಂಡರೂ 1.1 ಡೆಸಿಬೆಲ್ ಮಾತ್ರ ಏರಿಸಲು ಜಾಗ. ರೀಪ್ಲೇಗೇನ್ ಗುರಿ −18 ತಲುಪಲು 9.4 ಬೇಕು. ಇಂಥವು ಬಹಳ ಇವೆ. ಹೀಗಿದ್ದರೆ ಎಲ್ಲವನ್ನೂ ಸುಮಾರು −26ಕ್ಕೆ ಇಳಿಸಿ, ಕೇಳುವವರು ಫೋನಿನಲ್ಲಿ ಏರಿಸಿಕೊಳ್ಳಲಿ ಅನ್ನಬೇಕಾ?

ಶಾರ್ಟ್‌ಕಟ್_ಶಂಕ್ರ
ಫೋನಿನಲ್ಲಿ −26 ಅಂದರೆ ಫುಲ್ ಇಟ್ಟರೂ ಕೇಳಿಸದು. ಪೀಕ್‌ಗಳನ್ನಷ್ಟೇ ಮಿತಿಯೊಳಗೆ ತಗ್ಗಿಸುವ ಲಿಮಿಟರ್ ಹಾಕಿ ಬಿಡಿ.

ಹಳೇಟೇಪು
ಲಿಮಿಟರ್‌ಗೆ ಮೊದಲು ಒಂದು ಕೆಲಸ. ಆ −2.1 ಎಲ್ಲಿದೆ ನೋಡಿ. ನಂಪೈನ ಆರ್ಗ್‌ಮ್ಯಾಕ್ಸ್‌ನಿಂದ ಅತಿ ದೊಡ್ಡ ಸ್ಯಾಂಪಲಿನ ಸ್ಥಾನ ತೆಗೆದು, 44100ರಿಂದ ಭಾಗಿಸಿ. ಎಷ್ಟನೇ ಸೆಕೆಂಡು ಅಂತ ಸಿಗುತ್ತದೆ. ಅಲ್ಲಿಗೆ ಹೋಗಿ ಕಿವಿ ಕೊಟ್ಟು ಕೇಳಿ. ಮನೆ ರೆಕಾರ್ಡಿಂಗ್‌ಗಳಲ್ಲಿ ಅದು ಸಂಗೀತವೇ ಆಗಿರಬೇಕೆಂದಿಲ್ಲ. ರೆಕಾರ್ಡ್ ಗುಂಡಿ ಒತ್ತಿದ ಸದ್ದು, ನಿಲ್ಲಿಸಿದ ಸದ್ದು, ಕೆಮ್ಮು, ಮೈಕ್ ಪಕ್ಕದವರ ಚಪ್ಪಾಳೆ.

ಕತ್ರಿಗುಪ್ಪೆ_ಕೀಬೋರ್ಡ್
@ಹಳೇಟೇಪು ನೀವು ಹೇಳಿದ್ದೇ ಸರಿ! ಬಹುತೇಕ ಫೈಲುಗಳಲ್ಲಿ ಪೀಕ್ ಇರುವುದು ಮೊದಲ ಅಥವಾ ಕೊನೆಯ ಒಂದೆರಡು ಸೆಕೆಂಡಿನಲ್ಲಿ. ಗುಂಡಿಯ ಸದ್ದು. ಆ ತುದಿಗಳನ್ನು ಬಿಟ್ಟು ಅಳೆದರೆ ಆ ಮನೆ ಕಚೇರಿಯ ಪೀಕ್ −9.8. ಕೇಳುವ ಪ್ರತಿಯ ಗುರಿ −20 ಅಂತ ಇಟ್ಟರೆ 7.4 ಏರಿಸಿದರೂ ಪೀಕ್ −2.4ರಲ್ಲೇ ನಿಲ್ಲುತ್ತದೆ. ಲಿಮಿಟರ್ ಬೇಡವೇ ಬೇಡ.

ರಾಮೋತ್ಸವದ ಒಂದು ಕ್ಯಾಸೆಟ್ ಮಾತ್ರ ಹಾಗಲ್ಲ. ಅಲ್ಲಿ ಪೀಕ್ ಇರುವುದು ತನಿಯಲ್ಲೇ, ಮೃದಂಗ ಮತ್ತು ಘಟ ಸೇರುವ ಕಡೆ. ಅದು ಸಂಗೀತವೇ.

ತಂಬೂರಿ_ತಂತಿ
ಅದನ್ನು ಮುಟ್ಟಬೇಡಿ. ಅದೊಂದು ಕ್ಯಾಸೆಟ್ ಉಳಿದವಕ್ಕಿಂತ ಮೆಲ್ಲಗೆ ಇರಲಿ. ತನಿಯ ಮುಕ್ತಾಯವನ್ನು ಕತ್ತರಿಸುವ ಹಕ್ಕು ನಮಗಿಲ್ಲ.

ಶಾರ್ಟ್‌ಕಟ್_ಶಂಕ್ರ
ಕೇಳುವ ಪ್ರತಿಯಲ್ಲಿ ಎರಡು ಡೆಸಿಬೆಲ್ ಲಿಮಿಟರ್ ಹಾಕಿದರೆ ಘಟದ ಪೆಟ್ಟಿನ ತುದಿ ಮಾತ್ರ ತಗ್ಗುತ್ತದೆ. ಮೂಲ ಹೇಗೂ ಡಿಸ್ಕಿನಲ್ಲಿ ಭದ್ರವಾಗಿದೆ. ಬಸ್ಸಿನಲ್ಲಿ ಕೇಳುವವನಿಗೂ ಆ ಕಚೇರಿ ಸಿಗಲಿ.

ತಂಬೂರಿ_ತಂತಿ
ಎರಡು ಡೆಸಿಬೆಲ್ ಅಂತ ಶುರುವಾಗಿ ಆರಕ್ಕೆ ನಿಲ್ಲುತ್ತದೆ. ಮೇಷ್ಟ್ರನ್ನೇ ಕೂರಿಸಿ ಎರಡೂ ಪ್ರತಿ ಕೇಳಿಸಿ, ಅವರು ಹೇಳಲಿ. ಆದರೆ ಕೇಳಿಸುವಾಗ ಎರಡರ ಲೌಡ್‌ನೆಸ್ ಒಂದೇ ಇಡಿ. ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ.

ಬನಶಂಕರಿ_ಬೈಟ್
ಎರಡು ಗಂಟೆಯ ಫೈಲನ್ನು ಪೂರ್ತಿ ಮೆಮೊರಿಗೆ ಎಳೆಯಬೇಡಿ. 64 ಬಿಟ್ ಫ್ಲೋಟ್ ಸ್ಟೀರಿಯೋ ಅಂದರೆ ಗಂಟೆಗೆ ಎರಡೂವರೆ ಜಿಬಿ. ಸೌಂಡ್‌ಫೈಲ್‌ನಲ್ಲಿ ಬ್ಲಾಕ್ಸ್ ಅನ್ನುವ ಫಂಕ್ಷನ್ ಇದೆ, ತುಂಡು ತುಂಡಾಗಿ ಓದಿ, ಗುಣಿಸಿ, ಬರೆಯಿರಿ. ಗೇನ್ ಎಲ್ಲ ತುಂಡಿಗೂ ಒಂದೇ ಇರುವುದರಿಂದ ಜೋಡಣೆಯಲ್ಲಿ ಸದ್ದು ಬರುವುದಿಲ್ಲ. 16 ಬಿಟ್‌ಗೆ ಬರೆಯುವ ಮುನ್ನ ಸ್ವಲ್ಪ ಡಿದರ್ (ರೌಂಡ್ ಮಾಡುವಾಗಿನ ತಪ್ಪನ್ನು ಮರೆಸುವ ಅತಿ ಸಣ್ಣ ಹಿಸ್ಸು) ಸೇರಿಸಿದರೆ ಒಳ್ಳೆಯದು. ಕ್ಯಾಸೆಟ್ ಹಿಸ್ಸೇ ಆ ಕೆಲಸ ಮಾಡುವುದರಿಂದ ಬಿಟ್ಟರೂ ನಡೆಯುತ್ತದೆ.

ಶ್ರುತಿಪೆಟ್ಟಿಗೆ
ಸ್ಕ್ರಿಪ್ಟ್ ಪ್ರತಿ ಫೈಲಿಗೂ ಒಂದು ಸಾಲು ಬರೆದಿಡಲಿ: ಫೈಲಿನ ಹೆಸರು, ಅಳೆದ ಎಲ್‌ಯುಎಫ್‌ಎಸ್, ಟ್ರೂ ಪೀಕ್, ಕೊಟ್ಟ ಗೇನ್, ತುದಿಯಲ್ಲಿ ಕತ್ತರಿಸಿದ ಸೆಕೆಂಡು, ಲಿಮಿಟರ್ ಹೌದೋ ಅಲ್ಲವೋ. ಮೂಲ ಫ್ಲ್ಯಾಕ್‌ಗಳ ಜೊತೆ ಅದೇ ಫೋಲ್ಡರಿನಲ್ಲಿ ಆ ಪಟ್ಟಿಯೂ ಇರಲಿ. ಗುಂಡಿಯ ಸದ್ದನ್ನೂ ಮೂಲದಿಂದ ತೆಗೆಯಬೇಡಿ.